ಸಿಯಾಟಲ್‌ನಲ್ಲೊಂದು ಕಚೇರಿ, ಬೆಂಗಳೂರಿನಲ್ಲೊಂದು ಕಚೇರಿ



ಬೇಸಿಗೆ ರಜೆಯಲ್ಲಿ ಮೈಸೂರಿಗೆ ಹೋಗಿ ಬಂದ ನಮ್ಮ ಕನ್ನಡ ತರಗತಿಯ ಹುಡುಗಿಯೊಬ್ಬಳು ಒಂದು ಪ್ರಶ್ನೆಯನ್ನು ಹೊತ್ತು ತಂದಳು. ಅಜ್ಜಿಯ ಜೊತೆ ಹಣ್ಣಿನಂಗಡಿಗೆ ಹೋಗಿದ್ದಾಗ ಅಂಗಡಿಯವರು, “ವಾಷಿಂಗ್ಟನ್ ಆಪಲ್ ಬಂದಿದೆ ಅಮ್ಮ, ತೂಗಲಾ?” ಎಂದು ಕೇಳಿದರಂತೆ. “ಟೀಚರ್, ನಮ್ಮ ಊರಿನ ಹಣ್ಣನ್ನು ಅಲ್ಲಿಗೆ ಯಾರು ತಗೊಂಡು ಹೋದರು?” ಎಂಬುದು ಅವಳ ಪ್ರಶ್ನೆ. ಪಕ್ಕದಲ್ಲಿದ್ದ ಹುಡುಗ ಕೂಡಲೇ “ಹಡಗು!” ಎಂದ. ಎಲ್ಲರೂ ನಕ್ಕೆವು.

ಅವನು ಹೇಳಿದ್ದು ತಪ್ಪಲ್ಲ. ಆದರೆ ಹಡಗು ಹಣ್ಣನ್ನು ಹೊರುತ್ತದೆಯೇ ಹೊರತು ಕೊಳ್ಳುವವರನ್ನು ಹುಡುಕಿ ಕೊಡುವುದಿಲ್ಲ. ವೆನಾಚಿಯ ತೋಟದವರಿಗೆ ಮೈಸೂರಿನ ಸಗಟು ವ್ಯಾಪಾರಿಯ ಹೆಸರು ಹೇಳಿದವರು ಯಾರು? ಯಾವ ಕಾಗದ ಬೇಕು, ಎಷ್ಟು ಸುಂಕ ಕಟ್ಟಬೇಕು ಎಂದು ತಿಳಿಸಿದವರು ಯಾರು? ಈ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾ ಹೋದಾಗ ನಾವು ಒಂದು ಬಗೆಯ ಕಚೇರಿಗಳ ಬಾಗಿಲಿಗೆ ಬಂದು ನಿಂತೆವು. ಒಂದು ದೇಶ ಇನ್ನೊಂದು ದೇಶದ ಊರುಗಳಲ್ಲಿ ತೆರೆಯುವ ಪ್ರಾದೇಶಿಕ ಕಚೇರಿಗಳವು. ಅವುಗಳ ಕೆಲಸ ಏನು, ಯಾರಿಗೆ ಅವುಗಳಿಂದ ಉಪಯೋಗ ಎಂಬುದನ್ನು ಈ ಲೇಖನದಲ್ಲಿ ತಿಳಿಸಲು ಪ್ರಯತ್ನಿಸಿದ್ದೇವೆ.

ನಮ್ಮ ಮಾಲ್‌ನಲ್ಲೇ ಇರುವ ಉದಾಹರಣೆ

ಕ್ರಾಸ್‌ರೋಡ್ಸ್ ಮಾಲ್ ನಿಮಗೆಲ್ಲ ಗೊತ್ತು. ನೆಲದ ಮೇಲಿನ ದೊಡ್ಡ ಚದುರಂಗದ ಮಣೆಯ ಸುತ್ತ ನೀವು ಓಡಾಡಿದವರೇ. ಅದೇ ಮಾಲ್‌ನಲ್ಲಿ ‘ಮಿನಿ ಸಿಟಿ ಹಾಲ್’ ಎಂಬ ಸಣ್ಣ ಕಚೇರಿಯೊಂದಿದೆ. ಬೆಲ್‌ವ್ಯೂ ನಗರಾಡಳಿತದ ದೊಡ್ಡ ಕಟ್ಟಡ ಡೌನ್‌ಟೌನಿನಲ್ಲಿದೆ. ಆದರೆ ಯಾವ ಸೇವೆ ಎಲ್ಲಿ ಸಿಗುತ್ತದೆ, ಯಾವ ಅರ್ಜಿ ತುಂಬಬೇಕು ಎಂದು ಕೇಳಲು ಎಲ್ಲರೂ ಅಲ್ಲಿಗೇ ಹೋಗಬೇಕಾಗಿಲ್ಲ. ತರಕಾರಿ ಕೊಳ್ಳಲು ಬಂದವರು ಇಲ್ಲಿಯೇ ಒಂದು ಹೆಜ್ಜೆ ಒಳಗಿಟ್ಟು ಕೇಳಬಹುದು. ಇಂಗ್ಲಿಷ್ ಬಾರದವರಿಗೆ ಬೇರೆ ಭಾಷೆಗಳಲ್ಲಿಯೂ ನೆರವು ದೊರೆಯುತ್ತದೆ.

ಮಿನಿ ಸಿಟಿ ಹಾಲ್ ಕಾನೂನು ಮಾಡುವುದಿಲ್ಲ, ತೆರಿಗೆ ಇಳಿಸುವುದಿಲ್ಲ. ಜನರಿಗೂ ನಗರಾಡಳಿತಕ್ಕೂ ನಡುವಿನ ದೂರವನ್ನು ಕಡಿಮೆ ಮಾಡುವುದು ಅದರ ಕೆಲಸ. ಎರಡು ದೇಶಗಳ ನಡುವಿನ ಕಚೇರಿಗಳೂ ಹೆಚ್ಚುಕಡಿಮೆ ಹೀಗೆಯೇ. ಇಲ್ಲಿ ದೂರ ಮಾತ್ರ ಕೆಲವು ಮೈಲಿಯ ಬದಲು ಅರ್ಧ ಭೂಗೋಳದಷ್ಟಿರುತ್ತದೆ.

ರಾಯಭಾರ ಕಚೇರಿ ಮತ್ತು ಕಾನ್ಸುಲೇಟ್

ಒಂದು ದೇಶ ಇನ್ನೊಂದು ದೇಶದ ರಾಜಧಾನಿಯಲ್ಲಿ ಇರಿಸುವ ಮುಖ್ಯ ಕಚೇರಿ ರಾಯಭಾರ ಕಚೇರಿ. ಭಾರತದ ರಾಯಭಾರ ಕಚೇರಿ ಇರುವುದು ವಾಷಿಂಗ್ಟನ್ ಡಿ.ಸಿ.ಯಲ್ಲಿ, ನಮ್ಮ ವಾಷಿಂಗ್ಟನ್ ರಾಜ್ಯದಲ್ಲಲ್ಲ. ಈ ಎರಡು ವಾಷಿಂಗ್ಟನ್‌ಗಳ ಗೊಂದಲ ಊರಿನಲ್ಲಿರುವ ನಮ್ಮ ಬಂಧುಗಳಿಗೆ ಇಂದಿಗೂ ಬಿಟ್ಟಿಲ್ಲ! ಅಮೆರಿಕದ ರಾಯಭಾರ ಕಚೇರಿ ನವದೆಹಲಿಯಲ್ಲಿದೆ.

ಉಳಿದ ದೊಡ್ಡ ಊರುಗಳಲ್ಲಿ ತೆರೆಯುವ ಕಚೇರಿ ಕಾನ್ಸುಲೇಟ್. ನಮ್ಮಲ್ಲಿ ಅನೇಕರಿಗೆ ಇದು ಪಾಸ್‌ಪೋರ್ಟ್, ವೀಸಾಗಳ ಕಚೇರಿ ಎಂದಷ್ಟೇ ಗೊತ್ತು. ಆದರೆ ಹಿಂದಿಯಲ್ಲಿ ಇದನ್ನು ‘ವಾಣಿಜ್ಯ ದೂತಾವಾಸ’ ಎಂದು ಕರೆಯುವುದುಂಟು. ಹೆಸರಿನಲ್ಲಿಯೇ ವಾಣಿಜ್ಯ ಇದೆ. ತಮ್ಮ ದೇಶದ ವ್ಯಾಪಾರಿಗಳ ಹಿತ ಕಾಯುವುದು ಕಾನ್ಸುಲ್‌ಗಳ ಬಹಳ ಹಳೆಯ ಕೆಲಸ.

ಒಂದೇ ಹೇಳಿಕೆಯಲ್ಲಿ ಎರಡು ಊರು

2023ರ ಜೂನ್ 22ರಂದು ಭಾರತದ ಪ್ರಧಾನಿ ಮತ್ತು ಅಮೆರಿಕದ ಅಧ್ಯಕ್ಷರು ವಾಷಿಂಗ್ಟನ್ ಡಿ.ಸಿ.ಯಲ್ಲಿ ಒಂದು ಜಂಟಿ ಹೇಳಿಕೆ ನೀಡಿದರು. ಸಿಯಾಟಲ್‌ನಲ್ಲಿ ತನ್ನ ಕಾನ್ಸುಲೇಟನ್ನು ಅದೇ ವರ್ಷ ಆರಂಭಿಸುವುದಾಗಿ ಭಾರತ ಅದರಲ್ಲಿ ಹೇಳಿತು. ಬೆಂಗಳೂರು ಮತ್ತು ಅಹಮದಾಬಾದ್‌ಗಳಲ್ಲಿ ಕಾನ್ಸುಲೇಟ್ ತೆರೆಯುವ ಉದ್ದೇಶವಿದೆ ಎಂದು ಅಮೆರಿಕ ಹೇಳಿತು. ನಾವು ಬಿಟ್ಟು ಬಂದ ಊರು, ನಾವು ಬಂದು ಸೇರಿದ ಊರು, ಎರಡೂ ಒಂದೇ ಕಾಗದದಲ್ಲಿ!

ಸಿಯಾಟಲ್‌ನ ಕಚೇರಿ 2023ರ ನವೆಂಬರ್‌ನಲ್ಲಿ ಕೆಲಸ ಆರಂಭಿಸಿತು. ಪ್ರಕಾಶ್ ಗುಪ್ತಾ ಅವರು ಅದರ ಮೊದಲ ಕಾನ್ಸುಲ್ ಜನರಲ್. ವಾಷಿಂಗ್ಟನ್, ಒರೆಗಾನ್, ಇಡಾಹೊ, ಮೊಂಟಾನಾ, ವಯೋಮಿಂಗ್, ಉತ್ತರ ಡಕೋಟ, ದಕ್ಷಿಣ ಡಕೋಟ, ನೆಬ್ರಾಸ್ಕ ಮತ್ತು ಅಲಾಸ್ಕ ಎಂಬ ಒಂಬತ್ತು ರಾಜ್ಯಗಳು ಅದರ ವ್ಯಾಪ್ತಿಗೆ ಬಂದವು. ಅದಕ್ಕೆ ಮುಂಚೆ ನಮ್ಮ ರಾಜ್ಯದ ಕೆಲಸಗಳೆಲ್ಲ ಸ್ಯಾನ್ ಫ್ರಾನ್ಸಿಸ್ಕೋ ಕಾನ್ಸುಲೇಟಿಗೆ ಸೇರಿದ್ದವು. ಅದು ಇಲ್ಲಿಂದ ಸುಮಾರು 800 ಮೈಲಿ ದೂರ. ಅಲ್ಲಿಂದ ಅಧಿಕಾರಿಗಳು ಬಂದು ಶಿಬಿರ ನಡೆಸುವ ದಿನಕ್ಕಾಗಿ ಕಡತ ಹಿಡಿದು ಕಾದದ್ದು ನಮ್ಮ ಪೋಷಕರಲ್ಲಿ ಹಲವರಿಗೆ ನೆನಪಿದೆ. 2024ರ ಜುಲೈನಲ್ಲಿ ಸಿಯಾಟಲ್ ಮತ್ತು ಬೆಲ್‌ವ್ಯೂಗಳಲ್ಲಿ ಅರ್ಜಿ ಕೇಂದ್ರಗಳೂ ತೆರೆದವು.

ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ 2025ರ ಜನವರಿ 17ರಂದು ಉದ್ಘಾಟನೆಯಾಯಿತು. ಭಾರತದ ವಿದೇಶಾಂಗ ಸಚಿವ ಎಸ್. ಜೈಶಂಕರ್ ಮತ್ತು ಅಮೆರಿಕದ ರಾಯಭಾರಿ ಎರಿಕ್ ಗಾರ್ಸೆಟ್ಟಿ ಆ ಸಮಾರಂಭದಲ್ಲಿದ್ದರು. ಆರಂಭದಲ್ಲಿ ಅಲ್ಲಿ ವೀಸಾ ಸೇವೆ ಇರಲಿಲ್ಲ. ಬೆಂಗಳೂರಿನವರು ವೀಸಾ ಸಂದರ್ಶನಕ್ಕೆ ಚೆನ್ನೈ ಮುಂತಾದ ಊರುಗಳಿಗೇ ಹೋಗಬೇಕಿತ್ತು. ಹಾಗಾದರೆ ಆ ಕಚೇರಿಯಲ್ಲಿ ಮೊದಲಿಗೆ ಇದ್ದದ್ದು ಏನು? ಮುಖ್ಯವಾಗಿ ವಾಣಿಜ್ಯ ವಿಭಾಗ. ವೀಸಾ ಇಲ್ಲದಿದ್ದರೂ ಕಾನ್ಸುಲೇಟಿಗೆ ಕೈತುಂಬ ಕೆಲಸವಿರುತ್ತದೆ ಎಂಬುದಕ್ಕೆ ಇದೇ ಸಾಕ್ಷಿ.

ಒಳಗೆ ನಡೆಯುವ ನಾಲ್ಕು ಕೆಲಸಗಳು

ಮೊದಲು ಒಂದು ಮಾತು. ಪ್ರತಿ ಕಚೇರಿಯೂ ತನ್ನ ದೇಶದ ಮಾರಾಟಗಾರರ ಪರವಾಗಿ ಕೆಲಸ ಮಾಡುತ್ತದೆ. ಚಿಕ್ಕಮಗಳೂರಿನ ಕಾಫಿಯನ್ನು ಇಲ್ಲಿ ಮಾರಬೇಕಾದವರು ಸಿಯಾಟಲ್‌ನ ಭಾರತೀಯ ಕಾನ್ಸುಲೇಟನ್ನು ಕೇಳುತ್ತಾರೆ. ಇಲ್ಲಿನ ವಸ್ತುವನ್ನು ಕರ್ನಾಟಕದಲ್ಲಿ ಮಾರಬೇಕಾದವರು ಬೆಂಗಳೂರಿನ ಅಮೆರಿಕನ್ ವಾಣಿಜ್ಯ ಕಚೇರಿಯನ್ನು ಕೇಳುತ್ತಾರೆ.

ಈಗ ಕಾಫಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಭಾರತದ ಕಾಫಿಯಲ್ಲಿ ಸುಮಾರು ಶೇಕಡಾ 70ರಷ್ಟು ಬೆಳೆಯುವುದು ಕರ್ನಾಟಕದಲ್ಲಿ. ಕೊಡಗು, ಚಿಕ್ಕಮಗಳೂರು, ಹಾಸನ ಅದರ ಮನೆ. ಚಿಕ್ಕಮಗಳೂರಿನಲ್ಲಿ ಹತ್ತು ಎಕರೆ ತೋಟವಿರುವ ಒಬ್ಬ ಬೆಳೆಗಾರರು ತಮ್ಮ ಬೀಜವನ್ನು ಸಿಯಾಟಲ್‌ನ ಸಣ್ಣ ಕಾಫಿ ಹುರಿಯುವ ಅಂಗಡಿಗೆ ಮಾರಬೇಕೆಂದು ಊಹಿಸಿಕೊಳ್ಳಿ.

ಮೊದಲನೆಯದು ಮಾಹಿತಿ. ಜಗತ್ತಿನ ಪ್ರತಿಯೊಂದು ಸರಕಿಗೂ ಒಂದು ಅಂಕಿ ಇದೆ. ಅದನ್ನು ಎಚ್.ಎಸ್. ಕೋಡ್ ಎನ್ನುತ್ತಾರೆ. ಕಾಫಿಯ ಅಂಕಿ 0901 ಎಂದು ಆರಂಭವಾಗುತ್ತದೆ, ಸೇಬಿನದು 0808 ಎಂದು. ಭಾಷೆ ಯಾವುದಾದರೂ ಬಂದರಿನ ಅಧಿಕಾರಿಗೆ ಅಂಕಿ ಅರ್ಥವಾಗುತ್ತದೆ. ಯಾವ ಅಂಕಿಗೆ ಎಷ್ಟು ಸುಂಕ, ಯಾವ ನಿಯಮ ಎಂಬ ಪ್ರಶ್ನೆಗಳಿಗೆ ಕಚೇರಿಯ ವಾಣಿಜ್ಯ ವಿಭಾಗ ದಾರಿ ತೋರಿಸುತ್ತದೆ.

ಎರಡನೆಯದು ಪರಿಚಯ. ಕಾಣದ ಊರಿನ ವ್ಯಾಪಾರಿಯನ್ನು ನಂಬುವುದು ಹೇಗೆ? ನಮ್ಮಲ್ಲಿ ಸಂಬಂಧ ಬೆಳೆಸುವಾಗ ಇಬ್ಬರಿಗೂ ಗೊತ್ತಿರುವ ಹಿರಿಯರೊಬ್ಬರು ನಡುವೆ ನಿಲ್ಲುತ್ತಾರಲ್ಲ, ಹಾಗೆಯೇ ಇದು. ಮಾರುವವರನ್ನೂ ಕೊಳ್ಳುವವರನ್ನೂ ಒಂದೇ ಕೋಣೆಯಲ್ಲಿ ಕೂರಿಸುವ ಸಭೆ, ವಸ್ತು ಪ್ರದರ್ಶನ, ನಿಯೋಗಗಳ ಭೇಟಿ ಇವೆಲ್ಲ ಈ ಬಗೆಯವು. ಅಮೆರಿಕದ ವಾಣಿಜ್ಯ ಸೇವೆಯಲ್ಲಿ ‘ಗೋಲ್ಡ್ ಕೀ’ ಎಂಬ ಏರ್ಪಾಡಿದೆ. ಅಮೆರಿಕದ ಕಂಪನಿಯಿಂದ ಶುಲ್ಕ ಪಡೆದು, ತಕ್ಕ ಗ್ರಾಹಕರನ್ನೂ ವಿತರಕರನ್ನೂ ಮೊದಲೇ ವಿಚಾರಿಸಿ, ಭೇಟಿಯನ್ನು ಗೊತ್ತುಮಾಡಿ ಕೊಡುತ್ತಾರೆ.

ಮೂರನೆಯದು ಕಾಗದ. ನಮ್ಮ ಬೆಳೆಗಾರರು ರಫ್ತು ಮಾಡಲು ಬೆಂಗಳೂರಿನಲ್ಲಿರುವ ಕಾಫಿ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಕಾಫಿ ಎಲ್ಲಿ ಬೆಳೆದದ್ದೆಂಬ ಮೂಲ ಪ್ರಮಾಣಪತ್ರ ಬೇಕು. ಆಹಾರ ಪದಾರ್ಥವಾದ್ದರಿಂದ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆಗೆ ಸರಕು ಬರುವ ಮೊದಲೇ ಸೂಚನೆ ಕೊಡಬೇಕು. ಈ ಕಾಗದಗಳನ್ನೆಲ್ಲ ಕಾನ್ಸುಲೇಟ್ ಕೊಡುವುದಿಲ್ಲ. ಯಾವುದನ್ನು ಯಾರಿಂದ ಪಡೆಯಬೇಕೆಂದು ಹೇಳುತ್ತದೆ, ಕೆಲವು ದಾಖಲೆಗಳನ್ನು ದೃಢೀಕರಿಸುತ್ತದೆ.

ನಾಲ್ಕನೆಯದು ವರದಿ. ತಮ್ಮ ದೇಶದ ಸರಕು ಎಲ್ಲಿ ಸಿಕ್ಕಿಹಾಕಿಕೊಂಡಿದೆ, ಯಾವ ನಿಯಮ ಕಷ್ಟ ಕೊಡುತ್ತಿದೆ ಎಂಬುದನ್ನು ರಾಜಧಾನಿಗೆ ಬರೆದು ತಿಳಿಸುವುದು. ಇದು ಹೊರಗೆ ಕಾಣದ ಕೆಲಸ. ಆದರೆ ಮುಂದೆ ಎರಡು ಸರಕಾರಗಳು ಮಾತುಕತೆಗೆ ಕುಳಿತಾಗ ಮೇಜಿನ ಮೇಲೆ ಇರುವುದು ಇಂಥ ವರದಿಗಳೇ.

ಒಂದು ಕಾಗದದ ಬೆಲೆ

ಕಾಗದ ಎಂದರೆ ಬೇಸರಪಡಬೇಡಿ. ಮಾವಿನ ಕಥೆ ಕೇಳಿ. ಕೀಟಗಳ ಭಯದಿಂದ ಅಮೆರಿಕ ಭಾರತದ ಮಾವನ್ನು ಸುಮಾರು 18 ವರ್ಷ ಬಿಟ್ಟುಕೊಂಡಿರಲಿಲ್ಲ. ಹಣ್ಣನ್ನು ವಿಕಿರಣದಿಂದ ಸಂಸ್ಕರಿಸಿ ಕಳುಹಿಸಬೇಕೆಂಬ ಒಪ್ಪಂದವಾದ ಮೇಲೆ 2007ರಲ್ಲಿ ಮತ್ತೆ ಬಾಗಿಲು ತೆರೆಯಿತು. ಇಂಥ ಸಂಸ್ಕರಣೆಗೆ ಒಪ್ಪಿಗೆ ಪಡೆದ ಕೇಂದ್ರಗಳಲ್ಲಿ ಒಂದು ನಮ್ಮ ಕೋಲಾರ ಜಿಲ್ಲೆಯ ಮಾಲೂರಿನಲ್ಲಿದೆ.

ಆದರೂ 2025ರ ಮೇ ತಿಂಗಳಲ್ಲಿ ಮುಂಬಯಿಯಿಂದ ವಿಮಾನದಲ್ಲಿ ಬಂದ ಮಾವಿನ ಕನಿಷ್ಠ 15 ಕಂತುಗಳನ್ನು ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ತಡೆಯಲಾಯಿತು. ಸಂಸ್ಕರಣೆಯ ದಾಖಲೆಯಲ್ಲಿ ಲೋಪವಿದೆ ಎಂಬುದು ಕಾರಣ. ವಾಪಸು ಒಯ್ಯಬೇಕು, ಇಲ್ಲವೇ ನಾಶ ಮಾಡಬೇಕು ಎಂದರು. ಮಾವು ಕಾಯುವ ಹಣ್ಣಲ್ಲ, ವಾಪಸಿನ ಖರ್ಚೂ ದೊಡ್ಡದು. ರಫ್ತುದಾರರು ನಾಶ ಮಾಡುವುದನ್ನೇ ಆರಿಸಿಕೊಂಡರು. ನಷ್ಟ ಸುಮಾರು 5 ಲಕ್ಷ ಡಾಲರ್ ಎಂದು ಅವರು ಅಂದಾಜಿಸಿದರು. ಒಂದು ನಮೂನೆಯ ಲೋಪಕ್ಕೆ ಒಂದು ಋತುವಿನ ದುಡಿಮೆ ಹೋಯಿತು.

ಅದೇ ವರ್ಷ ಜುಲೈನಲ್ಲಿ ಸಿಯಾಟಲ್‌ನ ಕಾನ್ಸುಲೇಟ್, ಭಾರತದ ಕೃಷಿ ರಫ್ತು ಸಂಸ್ಥೆಯಾದ ಅಪೆಡಾ ಜೊತೆಗೂಡಿ ಇಲ್ಲಿ ಮಾವಿನ ಪ್ರಚಾರ ಕಾರ್ಯಕ್ರಮ ನಡೆಸಿತು. ದಶೇರಿ, ಲಂಗ್ಡಾ ಮುಂತಾದವುಗಳ ಜೊತೆ ನಮಗೆ ಪರಿಚಿತವಾದ ಮಲ್ಲಿಕಾ ಮತ್ತು ತೋತಾಪುರಿಯೂ ಅಲ್ಲಿದ್ದವು. ಕೊಳ್ಳುವವರ ನಾಲಿಗೆಗೆ ರುಚಿ ಹತ್ತಿಸುವುದೂ ಕಚೇರಿಯ ಕೆಲಸವೇ.

ಹೂಡಿಕೆ ಎಂದರೇನು?

ವ್ಯಾಪಾರದಲ್ಲಿ ಸರಕು ಗಡಿ ದಾಟುತ್ತದೆ. ಹೂಡಿಕೆಯಲ್ಲಿ ಬಂಡವಾಳ ಗಡಿ ದಾಟಿ ಅಲ್ಲೇ ನೆಲೆ ನಿಲ್ಲುತ್ತದೆ. ಸಿಯಾಟಲ್ ಮತ್ತು ಕರ್ನಾಟಕದ ನಡುವೆ ಇದಕ್ಕೆ ಒಳ್ಳೆಯ ಉದಾಹರಣೆಗಳಿವೆ.

1916ರಲ್ಲಿ ಸಿಯಾಟಲ್‌ನಲ್ಲಿ ಹುಟ್ಟಿದ ಬೋಯಿಂಗ್ ಸಂಸ್ಥೆ ಬೆಂಗಳೂರಿನ ದೇವನಹಳ್ಳಿಯ ಬಳಿ 43 ಎಕರೆಯಲ್ಲಿ ಎಂಜಿನಿಯರಿಂಗ್ ಕೇಂದ್ರ ಕಟ್ಟಿತು. ಹೂಡಿಕೆ ಸುಮಾರು 1,600 ಕೋಟಿ ರೂಪಾಯಿ. ಅದು 2024ರ ಜನವರಿ 19ರಂದು ಉದ್ಘಾಟನೆಯಾಯಿತು. ನಮ್ಮ 156ನೇ ಅವೆನ್ಯೂ ಹಿಡಿದು ಉತ್ತರಕ್ಕೆ ಹೋದರೆ ಸಿಗುವ ಮೈಕ್ರೋಸಾಫ್ಟ್, 2005ರಲ್ಲಿ ಬೆಂಗಳೂರಿನಲ್ಲಿ ತನ್ನ ಸಂಶೋಧನಾಲಯವನ್ನು ಆರಂಭಿಸಿತು. ಸಿಯಾಟಲ್‌ನ ಸ್ಟಾರ್‌ಬಕ್ಸ್ ಟಾಟಾ ಸಂಸ್ಥೆಯೊಂದಿಗೆ ಸೇರಿ 2012ರಲ್ಲಿ ಮುಂಬಯಿಯಲ್ಲಿ ಮೊದಲ ಅಂಗಡಿ ತೆರೆಯಿತು. ಅದಕ್ಕೆ ಕಾಫಿ ಹುರಿಯುವ ಘಟಕ ಬಂದದ್ದು ಕೊಡಗಿನ ಕುಶಾಲನಗರದಲ್ಲಿ.

ಹೂಡಿಕೆದಾರರನ್ನು ಕರೆತರಲು ಕರ್ನಾಟಕ ಸರಕಾರಕ್ಕೆ ‘ಕರ್ನಾಟಕ ಉದ್ಯೋಗ ಮಿತ್ರ’ ಎಂಬ ಸಂಸ್ಥೆ ಇದೆ. 2025ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ‘ಇನ್ವೆಸ್ಟ್ ಕರ್ನಾಟಕ’ ಸಮಾವೇಶ ಇಂಥ ಪ್ರಯತ್ನಗಳ ಭಾಗ. ವಿದೇಶಿ ಬಂಡವಾಳವನ್ನು ಅಮೆರಿಕಕ್ಕೆ ಕರೆಯಲು 2011ರಲ್ಲಿ ‘ಸೆಲೆಕ್ಟ್ ಯು.ಎಸ್.ಎ.’ ಎಂಬ ಕಾರ್ಯಕ್ರಮ ಆರಂಭವಾಯಿತು. ಅದೇ ವರ್ಷ ಫೆಬ್ರವರಿಯಲ್ಲಿ ಅಮೆರಿಕದ ವಾಣಿಜ್ಯ ಕಾರ್ಯದರ್ಶಿ 24 ಕಂಪನಿಗಳ ನಿಯೋಗವನ್ನು ದೆಹಲಿ, ಮುಂಬಯಿ, ಬೆಂಗಳೂರುಗಳಿಗೆ ಕರೆದೊಯ್ದಿದ್ದರು. ಅವರು ಯಾರು ಗೊತ್ತೇ? ನಮ್ಮ ವಾಷಿಂಗ್ಟನ್ ರಾಜ್ಯದ ಹಿಂದಿನ ಗವರ್ನರ್ ಗ್ಯಾರಿ ಲಾಕ್.

ಆದರೆ ಒಂದು ವಿಷಯ ಗಮನಿಸಿ. ಮೇಲೆ ಹೇಳಿದ ಕಂಪನಿಗಳೆಲ್ಲ ದೊಡ್ಡವು. ಬೆಂಗಳೂರಿನ ದಾರಿ ಹುಡುಕಲು ಅವರಿಗೆ ತಮ್ಮದೇ ವಕೀಲರು, ಲೆಕ್ಕಿಗರು, ಕಚೇರಿಗಳು ಇವೆ. ಸಿಯಾಟಲ್‌ನಲ್ಲಿ ಕಾನ್ಸುಲೇಟ್ ಇಲ್ಲದ ಕಾಲದಲ್ಲೇ ಮೈಕ್ರೋಸಾಫ್ಟ್ ಬೆಂಗಳೂರು ತಲುಪಿತ್ತು. ಹತ್ತು ಎಕರೆಯ ನಮ್ಮ ಕಾಫಿ ಬೆಳೆಗಾರರಿಗೆ ಇವು ಯಾವುವೂ ಇಲ್ಲ. ಪ್ರಾದೇಶಿಕ ಕಚೇರಿ ಹೆಚ್ಚಾಗಿ ಬೇಕಾಗಿರುವುದು ಅಂಥವರಿಗೆ. ಒಂದು ಕಚೇರಿ ಚೆನ್ನಾಗಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಬೇಕಾದರೆ, ಅಲ್ಲಿ ಎಷ್ಟು ದೊಡ್ಡವರು ಫೋಟೋಗೆ ನಿಂತರು ಎಂದು ನೋಡಬಾರದು. ಎಷ್ಟು ಚಿಕ್ಕವರು ಮೊದಲ ಸಲ ಸರಕು ಕಳುಹಿಸಿದರು ಎಂದು ನೋಡಬೇಕು ಎಂಬುದು ನಮ್ಮ ಅಭಿಪ್ರಾಯ.

ಕಚೇರಿಯ ಕೈಗೆ ಎಟುಕದ್ದು

ಈಗ ಸೇಬಿಗೆ ಹಿಂದಿರುಗೋಣ. ವಾಷಿಂಗ್ಟನ್ ಸೇಬಿಗೆ ಭಾರತ ಬಹಳ ದೊಡ್ಡ ಮಾರುಕಟ್ಟೆಯಾಗಿತ್ತು. ಒಂದು ಹಂತದಲ್ಲಿ ವರ್ಷಕ್ಕೆ ಸುಮಾರು 12 ಕೋಟಿ ಡಾಲರಿನ ಹಣ್ಣು ಹೋಗುತ್ತಿತ್ತು. 2018ರಲ್ಲಿ ಅಮೆರಿಕ ಉಕ್ಕು ಮತ್ತು ಅಲ್ಯೂಮಿನಿಯಂ ಮೇಲೆ ಸುಂಕ ಏರಿಸಿತು. ಅದಕ್ಕೆ ಪ್ರತಿಯಾಗಿ 2019ರ ಜೂನ್‌ನಲ್ಲಿ ಭಾರತ ಅಮೆರಿಕದ ಸೇಬು, ಬಾದಾಮಿ, ಆಕ್ರೋಟು, ಕಡಲೆ, ಮಸೂರ್ ಬೇಳೆ ಮುಂತಾದವುಗಳ ಮೇಲೆ ಹೆಚ್ಚಿನ ಸುಂಕ ಹಾಕಿತು. ಸೇಬಿನ ಸುಂಕ ಶೇಕಡಾ 50 ಇದ್ದದ್ದು 70 ಆಯಿತು.

ಮಕ್ಕಳೇ, ಲೆಕ್ಕ ಮಾಡಿ. ಬಂದರಿನಲ್ಲಿ 100 ರೂಪಾಯಿಯ ಹಣ್ಣು ಮೊದಲು ಸುಂಕ ಸೇರಿ 150 ರೂಪಾಯಿ. ಆಮೇಲೆ 170. ಬೇರೆ ದೇಶದ ಹಣ್ಣು 150ಕ್ಕೇ ಸಿಗುವಾಗ ಅಂಗಡಿಯವರು ಯಾವುದನ್ನು ತರಿಸುತ್ತಾರೆ? ಟರ್ಕಿ, ಇರಾನ್ ಮುಂತಾದ ದೇಶಗಳ ಸೇಬು ಆ ಜಾಗಕ್ಕೆ ಬಂತು. ವಾಷಿಂಗ್ಟನ್ ಸೇಬಿನ ವ್ಯಾಪಾರ 2023ರ ಹೊತ್ತಿಗೆ ವರ್ಷಕ್ಕೆ 10 ಲಕ್ಷ ಡಾಲರಿಗಿಂತ ಕೆಳಕ್ಕೆ ಬಿತ್ತು. ಜಗಳ ಉಕ್ಕಿನದು, ಪೆಟ್ಟು ಬಿದ್ದದ್ದು ಹಣ್ಣಿನ ತೋಟಕ್ಕೆ. ವಾಷಿಂಗ್ಟನ್ ಸೇಬಿನ ಪ್ರಚಾರಕ್ಕೆಂದೇ 1937ರಿಂದ ವಾಷಿಂಗ್ಟನ್ ಆಪಲ್ ಕಮಿಷನ್ ಎಂಬ ಸಂಸ್ಥೆ ಇದೆ. ಎಷ್ಟು ಪ್ರಚಾರ ಮಾಡಿದರೂ, ಯಾವ ಕಚೇರಿ ಎಷ್ಟು ಪರಿಚಯ ಮಾಡಿಸಿದರೂ ಆ 20 ರೂಪಾಯಿಯನ್ನು ಅಳಿಸಲಾಗಲಿಲ್ಲ. ಅದನ್ನು ಅಳಿಸಬಲ್ಲವರು ಸರಕಾರಗಳು ಮಾತ್ರ.

ಸಿಯಾಟಲ್, ಬೆಂಗಳೂರುಗಳ ಹೆಸರು ಬಂದ ಅದೇ 2023ರ ಜೂನ್ ಭೇಟಿಯ ಸಮಯದಲ್ಲಿ ಎರಡೂ ದೇಶಗಳು ವಿಶ್ವ ವ್ಯಾಪಾರ ಸಂಸ್ಥೆಯಲ್ಲಿದ್ದ ಆರು ವ್ಯಾಜ್ಯಗಳನ್ನು ಮುಗಿಸಿಕೊಂಡವು. ಸೆಪ್ಟೆಂಬರ್‌ನಲ್ಲಿ ಸೇಬಿನ ಮೇಲಿನ ಹೆಚ್ಚುವರಿ ಶೇಕಡಾ 20 ಹೋಯಿತು. ವೆನಾಚಿ, ಯಾಕಿಮಾ ಕಡೆಯ ತೋಟಗಳಿಗೆ ಇದು ಸಿಹಿ ಸುದ್ದಿ.

ಎಲ್ಲರಿಗೂ ಸಿಹಿಯಲ್ಲ. ಕಾಶ್ಮೀರ ಮತ್ತು ಹಿಮಾಚಲದ ಸೇಬು ಬೆಳೆಗಾರರು ತಮ್ಮ ಹಣ್ಣಿನ ಬೆಲೆ ಬೀಳುತ್ತದೆಂದು ಆತಂಕಪಟ್ಟರು. ಅವರೂ ರೈತರೇ, ಅವರ ಮಾತಿನಲ್ಲೂ ನ್ಯಾಯವಿದೆ. ತೀರಾ ಅಗ್ಗದ ಹಣ್ಣು ಬಂದು ಸುರಿಯದಂತೆ, ಕಿಲೋಗೆ 50 ರೂಪಾಯಿಗಿಂತ ಕಡಿಮೆ ಬೆಲೆಯ ಸೇಬನ್ನು ಆಮದು ಮಾಡುವಂತಿಲ್ಲ ಎಂಬ ನಿಯಮವನ್ನು ಭಾರತ 2023ರ ಮೇ ತಿಂಗಳಲ್ಲಿಯೇ ತಂದಿತ್ತು. ವ್ಯಾಪಾರದಲ್ಲಿ ಬಾಗಿಲು ತೆರೆದಾಗ ಒಳಗಿರುವವರಿಗೆ ಚಳಿಯಾಗದಂತೆಯೂ ನೋಡಿಕೊಳ್ಳಬೇಕಾಗುತ್ತದೆ.

ಮಿತ್ರ ರಾಷ್ಟ್ರಗಳ ನಡುವೆಯೂ ಹೀಗೆ ಮುನಿಸು ಬರುತ್ತದೆ. 2024ರಲ್ಲಿ ಭಾರತ ಮತ್ತು ಅಮೆರಿಕಗಳ ಸರಕು ವ್ಯಾಪಾರ ಸುಮಾರು 129 ಬಿಲಿಯನ್ ಡಾಲರ್ ಇತ್ತು. ಅಷ್ಟೊಂದು ನಂಟಿದ್ದರೂ 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಅನೇಕ ಸರಕುಗಳ ಮೇಲೆ ಶೇಕಡಾ 50ರಷ್ಟು ಸುಂಕ ವಿಧಿಸಿತು. ಸಿಯಾಟಲ್‌ನಲ್ಲೂ ಬೆಂಗಳೂರಿನಲ್ಲೂ ಆಗ ಹೊಸ ಕಚೇರಿಗಳ ಬಾಗಿಲು ತೆರೆದೇ ಇತ್ತು. ಕಚೇರಿ ಸುಂಕವನ್ನು ತಡೆಯಲಾರದು. ಆದರೆ ದೊಡ್ಡವರ ಮಾತು ಬಿಸಿಯಾದಾಗಲೂ ವ್ಯಾಪಾರಿಯ ಫೋನ್ ಎತ್ತಿಕೊಳ್ಳುವವರು ಒಬ್ಬರಾದರೂ ಇರಬೇಕು. ಬೆಳೆಸಿದ ಪರಿಚಯ ಹರಿದುಹೋಗದಂತೆ ಕಾಯುವುದು ಆಗ ಅದರ ಕೆಲಸವಾಗುತ್ತದೆ. ಸುಂಕ ಒಂದು ದಿನ ಇಳಿಯಬಹುದು, ಕಳೆದುಕೊಂಡ ಗಿರಾಕಿ ಹಾಗೆ ಹಿಂದಿರುಗುವುದಿಲ್ಲ.

ನಮಗೇನು ಸಂಬಂಧ?

ನಾವು ಕ್ರಾಸ್‌ರೋಡ್ಸ್‌ನವರು. ಹೆಸರಿಗೆ ತಕ್ಕಂತೆ ಕೂಡುದಾರಿಯಲ್ಲಿ ನಿಂತವರು. ನಮ್ಮ ಅಡುಗೆಮನೆಯಲ್ಲಿ ಚಿಕ್ಕಮಗಳೂರಿನ ಕಾಫಿಪುಡಿಯೂ ಇದೆ, ವೆನಾಚಿಯ ಸೇಬೂ ಇದೆ. ಇಂಥ ಕಚೇರಿಗಳಲ್ಲಿ ಬೇಕಾಗುವವರು ಎಂಥವರು? ಚಿಕ್ಕಮಗಳೂರಿನ ಬೆಳೆಗಾರರು ಫೋನಿನಲ್ಲಿ “ನೋಡೋಣ ಬಿಡಿ” ಎಂದರೆ ಅದು ಒಪ್ಪಿಗೆಯೋ ನಿರಾಕರಣೆಯೋ ಎಂದು ತಿಳಿಯಬಲ್ಲವರು. ಸಿಯಾಟಲ್‌ನ ಅಂಗಡಿಯವರು ಹೇಳಿದ ದಿನಕ್ಕೇ ಸರಕು ಬೇಕೆನ್ನುವುದು ಏಕೆ ಎಂದು ಬೆಳೆಗಾರರಿಗೆ ಅವರದೇ ಮಾತಿನಲ್ಲಿ ವಿವರಿಸಬಲ್ಲವರು. ಶನಿವಾರ ಬೆಳಿಗ್ಗೆ ನಿದ್ದೆಗಣ್ಣಿನಲ್ಲಿ ಒತ್ತಕ್ಷರ ಬರೆಯುವ ನಮ್ಮ ಮಕ್ಕಳು ಅದಕ್ಕೆ ತಯಾರಾಗುತ್ತಿದ್ದಾರೆ ಎಂದು ನಾವು ನಂಬಿದ್ದೇವೆ.

ಮನೆಯಲ್ಲಿ ಒಂದು ಕೆಲಸ ಮಾಡಿ ನೋಡಿ. ಅಡುಗೆಮನೆಯ ಹತ್ತು ಪೊಟ್ಟಣಗಳನ್ನು ಮೇಜಿನ ಮೇಲಿಟ್ಟು ಪ್ರತಿಯೊಂದೂ ಯಾವ ದೇಶದ್ದೆಂದು ಓದಿ ಬರೆಯಿರಿ. ಮಸೂರ್ ಬೇಳೆಯನ್ನು ಮರೆಯಬೇಡಿ. ಅದು ನಮ್ಮದೇ ರಾಜ್ಯದ ಪೂರ್ವಕ್ಕಿರುವ ಪಲೂಸ್ ಸೀಮೆಯಲ್ಲೂ ಬೆಳೆಯುತ್ತದೆ. ಒಂದೊಂದು ಪೊಟ್ಟಣ ಇಲ್ಲಿಗೆ ತಲುಪಲು ಯಾರು ಯಾರಿಗೆ ಪರಿಚಯ ಮಾಡಿಸಿರಬಹುದು ಎಂದು ಅಪ್ಪ ಅಮ್ಮನ ಜೊತೆ ಮಾತನಾಡಿ.

ಪ್ರಶ್ನೆ ಕೇಳಿದ ಹುಡುಗಿಗೆ ನಮ್ಮ ಉತ್ತರ ಇದು: ಹಣ್ಣನ್ನು ಮೈಸೂರಿಗೆ ಹೊತ್ತದ್ದು ಹಡಗೇ ಮಗು. ಆದರೆ ಹಡಗು ಹೊರಡುವ ಮೊದಲು ಯಾರೋ ಒಬ್ಬರು ಎರಡೂ ಊರಿನವರಿಗೆ ನಮಸ್ಕಾರ ಹೇಳಿ ಪರಿಚಯ ಮಾಡಿಸಿದ್ದರು.